‘ಶಲ್’ ಎಂದರೆ ಆಗಲೇಬೇಕೇ? ಕಾನೂನಿನ ಪದವೊಂದು ಗೋಜಲಾದ ಬಗೆ

ಭಾರತ ಸಂವಿಧಾನದ 52ನೇ ವಿಧಿ ಒಂದೇ ಸಾಲಿನದು: ಭಾರತಕ್ಕೆ ಒಬ್ಬ ರಾಷ್ಟ್ರಪತಿ ಇರತಕ್ಕದ್ದು. ಕನ್ನಡದಲ್ಲಿ ‘ತಕ್ಕದ್ದು’ ಇರುವ ಕಡೆ ಇಂಗ್ಲಿಷಿನಲ್ಲಿರುವುದು ‘ಶಲ್’. ಅದರಿಂದ ಯಾರ ತಲೆಯ ಮೇಲೂ ಕೆಲಸ ಬೀಳುವುದಿಲ್ಲ, ಹಾಗೊಂದು ಹುದ್ದೆ ಇದೆ ಎಂಬ ಘೋಷಣೆ ಅಷ್ಟೆ. 320ನೇ ವಿಧಿಯಲ್ಲೂ ಅದೇ ಪದವಿದೆ: ಸರ್ಕಾರಿ ನೌಕರರ ಶಿಸ್ತುಕ್ರಮದ ವಿಷಯದಲ್ಲಿ ಲೋಕಸೇವಾ ಆಯೋಗದ ಅಭಿಪ್ರಾಯ ಪಡೆಯತಕ್ಕದ್ದು. ಇದು ಸರ್ಕಾರದ ಮೇಲಿನ ಅಪ್ಪಟ ಕಟ್ಟಳೆಯಂತೆಯೇ ಕಾಣುತ್ತದೆ. ಆದರೆ 1957ರಲ್ಲಿ ಮನಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಯೋಗವನ್ನು ಕೇಳದಿದ್ದ ಮಾತ್ರಕ್ಕೆ ನೌಕರನ ಮೇಲಿನ ಕ್ರಮ ಬಿದ್ದುಹೋಗದು ಎಂದಿತು. ಹಳೆಯ ಭಾರತೀಯ ದಂಡ ಸಂಹಿತೆಯ 303ನೇ ಕಲಮಿನ ಶಲ್ ಮತ್ತೊಂದು ಜಾತಿಯದು. ಜೀವಾವಧಿ ಶಿಕ್ಷೆಯಲ್ಲಿರುವವನು ಕೊಲೆ ಮಾಡಿದರೆ ಅವನಿಗೆ ಮರಣದಂಡನೆಯೇ ಆಗಬೇಕು, ನ್ಯಾಯಾಧೀಶರ ಕೈಯಲ್ಲಿ ಬೇರೇನೂ ಇಲ್ಲ. ಅಷ್ಟು ಬಿಗಿಯಾಗಿತ್ತು ಎಂಬ ಕಾರಣಕ್ಕೇ 1983ರಲ್ಲಿ ಮಿಟ್ಟು ಪ್ರಕರಣದಲ್ಲಿ ಸಂವಿಧಾನ ಪೀಠ ಆ ಕಲಮನ್ನು ಅಸಿಂಧುಗೊಳಿಸಿತು.

ಒಂದೇ ಪದ ಒಂದು ಕಡೆ ಘೋಷಣೆ, ಒಂದು ಕಡೆ ಸೂಚನೆ, ಇನ್ನೊಂದು ಕಡೆ ಕುಣಿಕೆ.

ಹಳೆಯ ಇಂಗ್ಲಿಷಿನಲ್ಲಿ ಇದರ ಬೇರು ‘ಋಣಿಯಾಗಿರುವುದು’ ಎಂಬ ಅರ್ಥದ ಕ್ರಿಯಾಪದ. ಋಣ ಕರ್ತವ್ಯವಾಯಿತು, ಕರ್ತವ್ಯ ನಿಧಾನವಾಗಿ ಭವಿಷ್ಯತ್ಕಾಲದ ಗುರುತೂ ಆಯಿತು. 1653ರಲ್ಲಿ ಜಾನ್ ವಾಲಿಸ್ ಲ್ಯಾಟಿನ್‌ನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣವು ‘ನಾನು, ನಾವು’ ಜೊತೆ ಶಲ್ ಬಂದರೆ ಬರೀ ಭವಿಷ್ಯ, ‘ನೀನು, ಅವನು’ ಜೊತೆ ಬಂದರೆ ಮಾತು ಕೊಡುವುದು ಇಲ್ಲವೇ ಗದರಿಸುವುದು ಎಂದು ವಿಂಗಡಿಸಿತು. ನಮ್ಮ ಶಾಲೆಗಳಲ್ಲೂ ತಲೆಮಾರುಗಟ್ಟಲೆ ಮಕ್ಕಳು ಇದನ್ನು ಬಾಯಿಪಾಠ ಮಾಡಿದರು. ಈಗ ಆಡುಮಾತಿನ ಇಂಗ್ಲಿಷಿನಲ್ಲಿ ‘ಹೋಗೋಣವೇ’ ಎಂದು ಕೇಳುವಾಗಿನ ‘ಶಲ್ ವಿ’ ಬಿಟ್ಟರೆ ಈ ಪದ ಬಹುಮಟ್ಟಿಗೆ ಸವೆದುಹೋಗಿದೆ. ಅದು ಗಟ್ಟಿಯಾಗಿ ಉಳಿದುಕೊಂಡದ್ದು ಕಾಯ್ದೆ, ಕರಾರು ಮತ್ತು ತಾಂತ್ರಿಕ ಸಂಹಿತೆಗಳಲ್ಲಿ. ಕಾನೂನು ಬರೆಯುವವರಿಗೆ ಎಚ್ಚರಿಕೆ ಹೇಳಿದವರು ಇರಲಿಲ್ಲವೆಂದಲ್ಲ. 1840ರ ದಶಕದಲ್ಲೇ ಜಾರ್ಜ್ ಕೂಡ್ ಎಂಬ ಇಂಗ್ಲಿಷ್ ಬ್ಯಾರಿಸ್ಟರ್, ಯಾರ ಮೇಲಾದರೂ ಕರ್ತವ್ಯ ಹೊರಿಸುವಾಗ ಮಾತ್ರ ಶಲ್ ಬಳಸಿ, ಸಂದರ್ಭ ಮತ್ತು ಷರತ್ತು ಹೇಳುವಾಗ ವರ್ತಮಾನಕಾಲವೇ ಸಾಕು ಎಂದಿದ್ದರು. ಆ ಮಾತು ನಡೆದಿದ್ದರೆ ಮುಂದಿನ ನೂರೈವತ್ತು ವರ್ಷಗಳ ವ್ಯಾಜ್ಯಗಳಲ್ಲಿ ಒಂದು ದೊಡ್ಡ ಪಾಲು ಹುಟ್ಟುತ್ತಲೇ ಇರಲಿಲ್ಲ.

ಪದ ಸಡಿಲವಾದಷ್ಟೂ ಅದನ್ನು ಬಿಗಿ ಮಾಡುವ ಕೆಲಸ ಕೋರ್ಟುಗಳ ಪಾಲಿಗೆ ಬಂತು. ವಕೀಲರ ಮಾತಿನಲ್ಲಿ ಶಲ್‌ಗೆ ಎರಡು ಬುಟ್ಟಿಗಳು: ‘ಮ್ಯಾಂಡೇಟರಿ’ ಮತ್ತು ‘ಡೈರೆಕ್ಟರಿ’. ಮೊದಲನೆಯದನ್ನು ಮೀರಿದರೆ ಮಾಡಿದ್ದೆಲ್ಲ ರದ್ದು. ಎರಡನೆಯದನ್ನು ಪಾಲಿಸಬೇಕು ನಿಜ, ಪಾಲಿಸದಿದ್ದರೂ ಕೆಲಸ ಕೆಡದು. 1917ರ ನಾರ್ಮಂಡಿನ್ ಪ್ರಕರಣದಲ್ಲಿ, ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ಹಾಕಿಕೊಟ್ಟ ದಾರಿಯಲ್ಲೇ ನಮ್ಮ ಕೋರ್ಟುಗಳು ನಡೆದಿವೆ. ಅಲ್ಲಿ ಜ್ಯೂರಿ ಪಟ್ಟಿಯನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕಾದ ಅಧಿಕಾರಿ ಪರಿಷ್ಕರಿಸಿರಲಿಲ್ಲ. ಅಷ್ಟಕ್ಕೆ ಜ್ಯೂರಿಯ ತೀರ್ಪುಗಳನ್ನೆಲ್ಲ ಅಳಿಸಿದರೆ, ಅಧಿಕಾರಿಯ ಮೇಲೆ ಯಾವ ಹಿಡಿತವೂ ಇಲ್ಲದ ಜನರಿಗೆ ಅನ್ಯಾಯವಾಗುತ್ತದೆ ಎಂಬುದು ತರ್ಕ. ನಮ್ಮಲ್ಲಿ ಬಾಬು ರಾಮ್ ಉಪಾಧ್ಯ ಪ್ರಕರಣದಲ್ಲಿ (1960) ಸುಪ್ರೀಂ ಕೋರ್ಟ್, ಶಲ್ ಮೇಲುನೋಟಕ್ಕೆ ಕಡ್ಡಾಯವೇ, ಆದರೆ ಇಡೀ ಕಾಯ್ದೆಯ ಉದ್ದೇಶ ನೋಡಿ ಅರ್ಥ ಹಚ್ಚಬೇಕು ಎಂದಿತು. ಈ ‘ಆದರೆ’ಯ ಹಿಂದೆಯೇ ಅರ್ಧ ಶತಮಾನದ ತೀರ್ಪುಗಳು ಸಾಲುಗಟ್ಟಿವೆ.

ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 1960ರ ದಶಕದ ರಜಾ ಬುಲಂದ್ ಶುಗರ್ ಕಂಪನಿ ಪ್ರಕರಣವಿದೆ. ಉತ್ತರ ಪ್ರದೇಶದ ರಾಂಪುರ ಪುರಸಭೆ ನೀರಿನ ತೆರಿಗೆ ಹಾಕಲು ಹೊರಟಿತು. ಪ್ರಸ್ತಾವವನ್ನು ಹಿಂದಿಯಲ್ಲಿ ಹೊರಡುವ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸತಕ್ಕದ್ದು ಎಂದು ಕಾಯ್ದೆ ಹೇಳಿತ್ತು, ಪುರಸಭೆ ಪ್ರಕಟಿಸಿದ್ದು ಉರ್ದು ಪತ್ರಿಕೆಯಲ್ಲಿ. ಸುಪ್ರೀಂ ಕೋರ್ಟಿನ ಬಹುಮತ ಒಂದೇ ನಿಯಮವನ್ನು ಎರಡಾಗಿ ಸೀಳಿತು. ಪ್ರಕಟಿಸುವುದು ಕಡ್ಡಾಯ, ಏಕೆಂದರೆ ಪ್ರಕಟಿಸದೆ ಜನ ಆಕ್ಷೇಪಣೆ ಸಲ್ಲಿಸಲಾರರು. ಹಿಂದಿ ಪತ್ರಿಕೆಯಲ್ಲೇ ಪ್ರಕಟಿಸುವುದು ಮಾತ್ರ ಡೈರೆಕ್ಟರಿ. ತೆರಿಗೆ ಉಳಿಯಿತು.

ಈ ತೀರ್ಪುಗಳನ್ನೆಲ್ಲ ರಾಶಿ ಹಾಕಿ ನೋಡಿದರೆ ಸುಮಾರಾಗಿ ಹಿಡಿಯಬಹುದಾದ ಸುಳಿವುಗಳಿವೆ. ವಾಕ್ಯ ನಿಷೇಧರೂಪದಲ್ಲಿದ್ದರೆ, ಅಂದರೆ ‘ಶಲ್ ನಾಟ್’ ಅಥವಾ ‘ನೋ... ಶಲ್’ ಎಂದಿದ್ದರೆ, ಅದು ಹೆಚ್ಚುಕಡಿಮೆ ಯಾವಾಗಲೂ ಕಡ್ಡಾಯ. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್ ಕೊಡದೆ ದಾವೆ ಹೂಡಿದವರಿಗೆ ಇದು ಚೆನ್ನಾಗಿ ಗೊತ್ತು. ತಪ್ಪಿದರೆ ಏನಾಗುತ್ತದೆ ಎಂದು ಅದೇ ಕಲಂ ಹೇಳಿದ್ದರೂ ಕಡ್ಡಾಯ. ಸರ್ಕಾರಿ ಅಧಿಕಾರಿ ಇಷ್ಟು ದಿನದೊಳಗೆ ಇಂಥದ್ದು ಮಾಡಬೇಕು ಎಂದಷ್ಟೇ ಇದ್ದು ಮುಂದೇನೂ ಇಲ್ಲದಿದ್ದರೆ ಅದು ಡೈರೆಕ್ಟರಿಯ ಬುಟ್ಟಿಗೆ ಬೀಳುವ ಸಂಭವವೇ ಜಾಸ್ತಿ.

ಇದೆಲ್ಲ ಒಟ್ಟಿಗೆ ಸುತ್ತಿಕೊಂಡಿದ್ದು ಪ್ರತಿವಾದಿಯ ಲಿಖಿತ ಹೇಳಿಕೆಯ ಗಡುವಿನಲ್ಲಿ, ಕೋರ್ಟ್ ಕಾರಿಡಾರಿನ ಭಾಷೆಯಲ್ಲಿ ‘ಡಬ್ಲ್ಯು.ಎಸ್.’ ಸಿವಿಲ್ ದಾವೆಯ ಸಮನ್ಸ್ ಕೈಗೆ ಬಂದ ಮೇಲೆ ಪ್ರತಿವಾದಿ ಉತ್ತರ ಹಾಕದೆ ವಾಯಿದೆಯ ಮೇಲೆ ವಾಯಿದೆ ಪಡೆಯುವುದು ಹಳೆಯ ಕಾಯಿಲೆ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ಮದ್ದು ಹುಡುಕಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆರ್ಡರಿನ (ಅಧ್ಯಾಯದಂಥ ಭಾಗದ) 1ನೇ ನಿಯಮದಂತೆ ಸಮನ್ಸ್ ಜಾರಿಯಾದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸತಕ್ಕದ್ದು. ಕೋರ್ಟ್ ಕಾರಣ ಬರೆದಿಟ್ಟು ಅವಧಿ ವಿಸ್ತರಿಸಬಹುದು, ಆದರೆ ಅದು 90 ದಿನ ಮೀರತಕ್ಕದ್ದಲ್ಲ. ಇದ್ದದ್ದು ನಿಷೇಧರೂಪದ ಶಲ್. ಮೇಲಿನ ಸುಳಿವಿನ ಪ್ರಕಾರ ಕಡ್ಡಾಯವಾಗಬೇಕಿತ್ತು. 2005ರ ಕೈಲಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಡೈರೆಕ್ಟರಿ ಎಂದಿತು. 90 ದಿನ ದಾಟಿದರೆ ಏನು ಎಂದು ನಿಯಮ ಹೇಳಿಲ್ಲ, ಪ್ರಕ್ರಿಯೆ ಇರುವುದು ನ್ಯಾಯದ ಸೇವೆಗೆ, ಹಾಗಾಗಿ ಅಪರೂಪದ ಸಂದರ್ಭದಲ್ಲಿ, ಬೇಕಿದ್ದರೆ ಖರ್ಚು ಹಾಕಿ, ತಡವಾದ ಹೇಳಿಕೆಯನ್ನೂ ತೆಗೆದುಕೊಳ್ಳಬಹುದು ಎಂಬುದು ಅದರ ವಿವರಣೆ. ಅದೇ ವರ್ಷ ಸೇಲಂ ವಕೀಲರ ಸಂಘದ ಪ್ರಕರಣದಲ್ಲೂ ಇದೇ ನಿಲುವು ಬಂತು. ಅಪರೂಪಕ್ಕೆಂದು ತೆರೆದ ಬಾಗಿಲು ದಿನನಿತ್ಯದ ದಾರಿಯಾಯಿತು ಎಂಬುದನ್ನು ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ.

ಸಂಸತ್ತು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಲ್ಲಿ ಬೇರೆ ರೀತಿ ಬರೆಯಿತು. ಹೊರಗಡುವು 120 ದಿನ. ಅದು ಕಳೆದರೆ ಪ್ರತಿವಾದಿ ಲಿಖಿತ ಹೇಳಿಕೆಯ ಹಕ್ಕನ್ನೇ ಕಳೆದುಕೊಳ್ಳುತ್ತಾನೆ, ಕೋರ್ಟ್ ಅದನ್ನು ದಾಖಲೆಗೆ ತೆಗೆದುಕೊಳ್ಳತಕ್ಕದ್ದಲ್ಲ. ವಿಸ್ತರಿಸುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ ಎಂದು ಅದೇ 8ನೇ ಆರ್ಡರಿನ 10ನೇ ನಿಯಮಕ್ಕೂ ಒಂದು ಸಾಲು ಸೇರಿಸಿತು. 2019ರಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಡ್ಡಾಯವೆಂದು ಒಪ್ಪಿತು. ಶಲ್ ಹಿಂದೆಯೂ ಇತ್ತು, ಈಗಲೂ ಇದೆ. ಹೊಸದಾಗಿ ಬಂದದ್ದು ತಪ್ಪಿದರೆ ಆಗುವ ನಷ್ಟವನ್ನು ಹೇಳುವ ಸಾಲು.

ಗ್ರಾಹಕ ವೇದಿಕೆಗಳ ಕಥೆ ಮತ್ತೊಂದು. ಅಲ್ಲಿ ಎದುರುದಾರನಿಗೆ 30 ದಿನ, ಮೇಲೆ ಹೆಚ್ಚೆಂದರೆ 15 ದಿನ. 2002ರಲ್ಲೇ ಸುಪ್ರೀಂ ಕೋರ್ಟಿನ ಒಂದು ಪೀಠ ಇದು ಡೈರೆಕ್ಟರಿ ಎಂದಿತು, ಇನ್ನೊಂದು ದೊಡ್ಡ ಪೀಠ ಕಡ್ಡಾಯ ಎಂದಿತು. ಗೊಂದಲ ತೀರಲು 2020ರ ಮಾರ್ಚ್ ಬರಬೇಕಾಯಿತು. ಹಿಲ್ಲಿ ಕೋಲ್ಡ್ ಸ್ಟೋರೇಜ್ ಪ್ರಕರಣದಲ್ಲಿ ಐವರ ಸಂವಿಧಾನ ಪೀಠ 45 ದಿನದ ಮೇಲೆ ಒಂದು ದಿನವೂ ಇಲ್ಲ ಎಂದಿತು. ದಿನ ಎಣಿಸುವುದು ದೂರಿನ ಪ್ರತಿಯ ಸಮೇತ ನೋಟಿಸ್ ಕೈಸೇರಿದಂದಿನಿಂದ, ಬರೀ ನೋಟಿಸ್ ಬಂದರೆ ಸಾಲದು ಎಂದೂ ಬಿಡಿಸಿ ಹೇಳಿತು. ಹೀಗಾಗಿ ಒಬ್ಬನೇ ವ್ಯಾಪಾರಿ ಸಾಮಾನ್ಯ ಸಿವಿಲ್ ದಾವೆಯಲ್ಲಿ 100ನೇ ದಿನ ಉತ್ತರ ಹಾಕಿ ಕೋರ್ಟಿನ ಕರುಣೆ ಕೇಳಬಹುದು, 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯದಲ್ಲಿ 121ನೇ ದಿನ ಬಾಯಿ ಮುಚ್ಚಬೇಕು, ಗ್ರಾಹಕ ಆಯೋಗದಲ್ಲಿ 46ನೇ ದಿನಕ್ಕೇ ಮುಗಿಯಿತು.

ಶಲ್ ಸಡಿಲವಾದಂತೆ ‘ಮೇ’, ಅಂದರೆ ‘ಬಹುದು’, ಬಿಗಿಯಾಗುವುದೂ ಉಂಟು. ಚೆಕ್ ಬೌನ್ಸ್ ಕಾಯ್ದೆಗೆ 2018ರಲ್ಲಿ ಸೇರಿದ 148ನೇ ಕಲಂ ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸಿದೆ. ಶಿಕ್ಷೆಯಾದವನು ಮೇಲ್ಮನವಿ ಹಾಕಿದರೆ ಠೇವಣಿ ಇಡಲು ಕೋರ್ಟ್ ಆದೇಶಿಸಬಹುದು, ಆ ಮೊತ್ತ ದಂಡ ಅಥವಾ ಪರಿಹಾರದ ಶೇ. 20ಕ್ಕೆ ಕಡಿಮೆ ಇರತಕ್ಕದ್ದಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಈ ‘ಬಹುದು’ವನ್ನು ಸಾಮಾನ್ಯವಾಗಿ ‘ತಕ್ಕದ್ದು’ ಎಂದೇ ಓದಿ ಎಂದಿತು, 2023ರಲ್ಲಿ ವಿಶೇಷ ಕಾರಣವಿದ್ದರೆ ವಿನಾಯಿತಿಯೂ ಉಂಟು ಎಂದು ಸೇರಿಸಿತು. ಅದೇ ಕಾಯ್ದೆಯ 143ಎ, ಶಿಕ್ಷೆಗೆ ಮುಂಚಿನ ಮಧ್ಯಂತರ ಪರಿಹಾರದ್ದು. ಅಲ್ಲಿನ ‘ಬಹುದು’ ಬರೀ ಬಹುದೇ ಎಂದು 2024ರ ಮಾರ್ಚ್‌ನಲ್ಲಿ ತೀರ್ಪಾಯಿತು. ಆರೋಪ ಇನ್ನೂ ಸಾಬೀತಾಗದವನ ಕೈಯಿಂದ ಹಣ ಕಕ್ಕಿಸುವಾಗ ಯೋಚಿಸಲೇಬೇಕಲ್ಲ.

ಹೊರದೇಶಗಳಲ್ಲಿ ಕೆಲವರು ಪದವನ್ನೇ ಕೈಬಿಟ್ಟರು. ಆಸ್ಟ್ರೇಲಿಯಾದ ಒಕ್ಕೂಟ ಸರ್ಕಾರದ ಕಾನೂನು ಕರಡುಗಾರರು 1990ರ ಆಸುಪಾಸಿನಲ್ಲಿ ‘ಮಸ್ಟ್’ (ಮಾಡಲೇಬೇಕು) ಕಡೆಗೆ ಹೊರಳಿದರು. ದಕ್ಷಿಣ ಆಫ್ರಿಕಾದ 1996ರ ಸಂವಿಧಾನದಲ್ಲಿ ಕರ್ತವ್ಯ ಹೇಳುವುದು ‘ಮಸ್ಟ್’. ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳಿಂದ 2007ರಲ್ಲಿ ಶಲ್ ಹೊರಬಿತ್ತು. ಆದರೆ 56ನೇ ನಿಯಮದಲ್ಲಿ, ಪೂರ್ಣ ವಿಚಾರಣೆಯಿಲ್ಲದೆ ತೀರ್ಪು ಕೊಡುವ ಕಡೆ, ಶಲ್ ಜಾಗಕ್ಕೆ ‘ಶುಡ್’ ಬಂದು ಕೂತಾಗ ಅರ್ಥವೇ ಬದಲಾಯಿತೆಂಬ ತಕರಾರು ಎದ್ದಿತು. 2010ರಲ್ಲಿ ಅಲ್ಲಿಗೆ ಮಾತ್ರ ಶಲ್ ವಾಪಸಾಯಿತು.

ಎಂಜಿನಿಯರುಗಳು ಇದಕ್ಕೆ ತದ್ವಿರುದ್ಧ ಹಾದಿ ಹಿಡಿದರು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ ಬರವಣಿಗೆ ನಿಯಮದಲ್ಲಿ ಶಲ್ ಎಂದರೆ ಅವಶ್ಯಕತೆ, ಶುಡ್ ಎಂದರೆ ಶಿಫಾರಸು, ಮೇ ಎಂದರೆ ಅನುಮತಿ, ಕ್ಯಾನ್ ಎಂದರೆ ಸಾಧ್ಯತೆ. ಶಲ್ ಬದಲು ಮಸ್ಟ್ ಬರೆಯುವಂತೆಯೇ ಇಲ್ಲ. ಅಂತರ್ಜಾಲದ ಮಾನಕಗಳಿಗೆ 1997ರ ಆರ್‌ಎಫ್‌ಸಿ 2119 ಎಂಬ ದಾಖಲೆ ಹೀಗೇ ಅರ್ಥ ಗೊತ್ತುಮಾಡಿತು, ಅಲ್ಲಿ ಮಸ್ಟ್ ಮತ್ತು ಶಲ್ ಎರಡೂ ಒಂದೇ. 2017ರಲ್ಲಿ, ದೊಡ್ಡಕ್ಷರದಲ್ಲಿದ್ದರೆ ಮಾತ್ರ ಈ ಅರ್ಥ ಎಂದು ಆರ್‌ಎಫ್‌ಸಿ 8174 ಸೇರಿಸಿತು. ನಮ್ಮ ಮನೆ ಕಟ್ಟುವ ಕಾಂಕ್ರೀಟಿನ ಐಎಸ್ 456:2000 ಸಂಹಿತೆಯಲ್ಲಿ ಈ ಶಿಸ್ತು ಹೇಗಿದೆ ನೋಡಿ. ಚೌಕ ಕಾಲಮ್ಮಿಗೆ ಉದ್ದುದ್ದ ಕಂಬಿ ಕನಿಷ್ಠ 4, ದುಂಡು ಕಾಲಮ್ಮಿಗೆ 6, ದಪ್ಪ 12 ಮಿ.ಮೀ.ಗಿಂತ ಕಡಿಮೆ ಇಲ್ಲ. ಇವು ಶಲ್. ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟಿಗೆ ನೀರುಣಿಸುವುದಕ್ಕೆ, ಸಾಮಾನ್ಯ ಒಪಿಸಿ ಸಿಮೆಂಟಾದರೆ ಕನಿಷ್ಠ 7 ದಿನ, ಬೂದಿ ಬೆರೆತ ಪಿಪಿಸಿಯಂಥ ಸಿಮೆಂಟಾದರೆ 10 ದಿನ ಮೇಲ್ಮೈ ಒದ್ದೆಯಾಗಿರಬೇಕು. ಇದೂ ಶಲ್. ಬೆರಕೆ ಸಿಮೆಂಟಿಗೆ 14 ದಿನಕ್ಕೆ ವಿಸ್ತರಿಸುವುದು ಶಿಫಾರಸು. ನೀರು ಹಾಕುವುದನ್ನು 8ನೇ ದಿನ ನಿಲ್ಲಿಸಿದ ಗುತ್ತಿಗೆದಾರನೊಂದಿಗೆ ವಾದಕ್ಕಿಳಿಯುವ ಮುನ್ನ ಚೀಲದ ಮೇಲೆ ಯಾವ ಸಿಮೆಂಟ್ ಎಂದು ನೋಡಿಕೊಳ್ಳಬೇಕು. ಪಿಪಿಸಿ ಆಗಿದ್ದರೆ ಶಲ್ ನಿಮ್ಮ ಪರ. 11ನೇ ದಿನ ನಿಲ್ಲಿಸಿದ್ದರೆ ನಿಮ್ಮ ಕೈಯಲ್ಲಿರುವುದು ಶಿಫಾರಸು ಮಾತ್ರ.

ಕಾನೂನು ಕನ್ನಡಕ್ಕೆ ಬರುವಾಗ ಶಲ್‌ನ ಅಷ್ಟೂ ಅರ್ಥಗಳನ್ನು ‘ತಕ್ಕದ್ದು’ ಒಂದೇ ಹೊತ್ತುಕೊಂಡಿತು. ‘ಬೇಕು’, ‘ಕೂಡದು’, ‘ಆಗುತ್ತದೆ’, ‘ಎಂದರೆ’ ಎಂದು ಬೇರೆ ಬೇರೆಯಾಗಿ ಹೇಳುವ ಅನುಕೂಲ ಕನ್ನಡಕ್ಕೆ ಇದ್ದೂ ಹೀಗಾಯಿತು. ಬೆಂಗಳೂರಿನ 11 ತಿಂಗಳ ಬಾಡಿಗೆ ಕರಾರಿನಲ್ಲಿ ಇದು ಎದ್ದು ಕಾಣುತ್ತದೆ. ‘ಮನೆ ಖಾಲಿ ಮಾಡುವಾಗ ಬಣ್ಣ ಬಳಿಸತಕ್ಕದ್ದು’: ಯಾರು? ‘ಮುಂಗಡವನ್ನು ಹಿಂದಿರುಗಿಸತಕ್ಕದ್ದು’: ಯಾವಾಗ? ಶಲ್ ಅಥವಾ ತಕ್ಕದ್ದು ಕಂಡ ಕಡೆಯೆಲ್ಲ ‘ಇಂಥವರ ಹೊಣೆ’ ಎಂದು ಹಾಕಿ ಓದಿ, ಹೆಸರು ಸಿಗದಿದ್ದರೆ ಆ ಸಾಲನ್ನು ತಿದ್ದಿಸಬೇಕು. ‘ಖಾಲಿ ಮಾಡಿ ಕೀಲಿ ಒಪ್ಪಿಸಿದ 15 ದಿನದೊಳಗೆ ಮಾಲೀಕರು ಮುಂಗಡ ಕೊಡಬೇಕು, ಬಣ್ಣಕ್ಕೆ ಇಷ್ಟು ರೂಪಾಯಿಗಿಂತ ಹೆಚ್ಚು ಹಿಡಿಯಕೂಡದು, ತಡವಾದರೆ ಇಂತಿಷ್ಟು ಬಡ್ಡಿ’ ಎಂದು ಬರೆದರೆ ತಕ್ಕದ್ದು ಇಲ್ಲದೆಯೂ ನಡೆಯುತ್ತದೆ.

2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕ್ರಿಮಿನಲ್ ಕಾನೂನುಗಳಲ್ಲೂ ಶಲ್ ಹಾಗೇ ಮುಂದುವರಿದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಂತೆ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧಗಳಲ್ಲಿ 90 ದಿನ ಕಳೆದರೂ ತನಿಖೆ ಮುಗಿಯದಿದ್ದರೆ, ಜಾಮೀನು ಕೊಡಲು ಸಿದ್ಧನಿರುವ ಆರೋಪಿಯನ್ನು ಬಿಡತಕ್ಕದ್ದು. ಈ ಶಲ್‌ನ ಮುಂದೆ ಪೊಲೀಸರ ನೆಪ ನಡೆಯದು. ಅದೇ ಸಂಹಿತೆಯ 193ನೇ ಕಲಂ ತನಿಖೆ ಎಲ್ಲಿಗೆ ಬಂತೆಂದು ದೂರುದಾರ ಅಥವಾ ಸಂತ್ರಸ್ತರಿಗೆ 90 ದಿನದೊಳಗೆ ಪೊಲೀಸರು ತಿಳಿಸತಕ್ಕದ್ದು ಎನ್ನುತ್ತದೆ. ತಿಳಿಸದಿದ್ದರೆ ಏನು ಎಂಬ ಸಾಲು ಆ ಕಲಮಿನಲ್ಲಿಲ್ಲ.