ಕೆಸಿಎಲ್ ಆಂಪ್ಯೂಲ್ ಟ್ರೇಯಲ್ಲಿ ಬೇಡ

ವಾರ್ಡಿಗೆ ಹೊಸದಾಗಿ ಬರುವ ನರ್ಸ್ ಹುಡುಗಿಯರ ಮುಂದೆ ಮೊದಲ ದಿನವೇ ಎರಡು ಆಂಪ್ಯೂಲ್, ಅಂದರೆ ಇಂಜೆಕ್ಷನ್ ಔಷಧದ ಪುಟ್ಟ ಸೀಸೆ, ಇಡುತ್ತೇನೆ. ಎರಡೂ ಪ್ಲಾಸ್ಟಿಕ್, ಎರಡೂ 10 ಎಂಎಲ್, ಒಳಗಿರುವುದೂ ನೀರಿನ ಹಾಗೆ ತಿಳಿ. ಒಂದು ಡಿಸ್ಟಿಲ್ಡ್ ವಾಟರ್, ಇನ್ನೊಂದು ರಕ್ತದಲ್ಲಿ ಪೊಟ್ಯಾಷಿಯಂ ಕಡಿಮೆಯಾದವರಿಗೆ ಕೊಡುವ ಪೊಟ್ಯಾಷಿಯಂ ಕ್ಲೋರೈಡ್. ನಮ್ಮ ಮಾತಲ್ಲಿ ಕೆಸಿಎಲ್. ರಾತ್ರಿ ಮೂರು ಗಂಟೆಗೆ ಆಂಟಿಬಯೋಟಿಕ್ ಪುಡಿ ಕರಗಿಸಲು ಹೊರಟಾಗ ಕೈ ಯಾವುದಕ್ಕೆ ಹೋಗುತ್ತದೋ ಯಾರಿಗೆ ಗೊತ್ತು? ಅದಕ್ಕೇ ಕೆಸಿಎಲ್‌ಗೆ ನಮ್ಮಲ್ಲಿ ಬೇರೆ ಕಪಾಟು, ಅದಕ್ಕೊಂದು ಬೀಗ.

15 ಪರ್ಸೆಂಟ್‌ನ ಒಂದು ಆಂಪ್ಯೂಲ್‌ನಲ್ಲಿ 20 ಮಿಲಿಈಕ್ವಿವಲೆಂಟ್ (ಪೊಟ್ಯಾಷಿಯಂ ಅಳೆಯುವ ಮಾನ) ಪೊಟ್ಯಾಷಿಯಂ ಇರುತ್ತದೆ. ಸಿರಿಂಜ್‌ನಲ್ಲಿ ಎಳೆದು ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತೇಹೋಗಬಹುದು. ಡ್ರಿಪ್‌ನಲ್ಲಿ ಬೆರೆಸಿಯೇ ಕೊಡಬೇಕು. ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್‌ಗಿಂತ ಜಾಸ್ತಿ ಹೋಗಬಾರದು. ಶುರು ಮಾಡುವ ಮುಂಚೆ ರೋಗಿಗೆ ಮೂತ್ರ ಸರಿಯಾಗಿ ಹೋಗುತ್ತಿದೆಯಾ, ರಕ್ತದ ಪೊಟ್ಯಾಷಿಯಂ ಬಗ್ಗೆ ಇವತ್ತಿನ ರಿಪೋರ್ಟ್ ಏನು ಹೇಳುತ್ತೆ, ನೋಡಿಕೊಳ್ಳಿ. ಡೋಸ್ ಲೆಕ್ಕವನ್ನು ಇನ್ನೊಬ್ಬ ಸಿಸ್ಟರ್ ತಾವೇ ಬೇರೆಯಾಗಿ ಮಾಡಲಿ. ನೀವು ಉತ್ತರ ಹೇಳಿ 'ಸರಿ ಅಲ್ವಾ?' ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ.

ಬೆರೆಸುವುದರಲ್ಲೇ ನಾನೊಮ್ಮೆ ಎಡವಿದ್ದೆ. ಕೆಲಸಕ್ಕೆ ಸೇರಿದ ಹೊಸತು. ಸ್ಟ್ಯಾಂಡಿನಲ್ಲಿ ತೂಗುತ್ತಿದ್ದ ಬಾಟಲಿಗೇ ಕೆಸಿಎಲ್ ಚುಚ್ಚಿ, ಅಲ್ಲಾಡಿಸದೆ ಹೊರಟುಬಿಟ್ಟೆ. ಸ್ವಲ್ಪ ಹೊತ್ತಿಗೆ ಆ ಹೆಂಗಸು, 'ಸಿಸ್ಟರ್, ಕೈಗೆ ಮೆಣಸಿನಪುಡಿ ಹಾಕಿದ ಹಾಗೆ ಉರೀತಿದೆ' ಅಂದರು. ಕೆಸಿಎಲ್ ಅಂದರೆ ಉರಿ ಇದ್ದದ್ದೇ ಅಂತ ಸುಮ್ನೆ ಹೋಗುತ್ತಿದ್ದೆ. ಹಿರಿಯ ಸಿಸ್ಟರ್ ಓಡಿ ಬಂದು ಡ್ರಿಪ್ ನಿಲ್ಲಿಸಿದರು, ಬಾಟಲಿಯನ್ನೇ ಬಿಸಾಡಿಸಿದರು. ಕೆಸಿಎಲ್ ಭಾರ, ತಳಕ್ಕೆ ಇಳಿಯುತ್ತದೆ. ಡ್ರಿಪ್ ಸೆಟ್, ಅಂದರೆ ಬಾಟಲಿಗೆ ಚುಚ್ಚುವ ಕೊಳವೆ, ಇರುವುದೂ ತಳದಲ್ಲೇ. ಹಾಗಾಗಿ ಮೊದಲು ರಕ್ತನಾಳಕ್ಕೆ ಹೋಗುವುದು ಗಟ್ಟಿ ಕೆಸಿಎಲ್. ಪುಣ್ಯಕ್ಕೆ ಆಕೆಗೆ ಏನೂ ಆಗಲಿಲ್ಲ. ಅವತ್ತಿನಿಂದ ಸೆಟ್ ಚುಚ್ಚುವ ಮುಂಚೆಯೇ ಔಷಧ ಹಾಕಿ, ಬಾಟಲಿಯನ್ನು ಹತ್ತು ಸಲ ಮೇಲೆ ಕೆಳಗೆ ಮಾಡಿ, ಲೇಬಲ್ ಅಂಟಿಸಿಯೇ ನೇತು ಹಾಕುತ್ತೇನೆ.

500 ಎಂಎಲ್‌ನಲ್ಲಿ ಒಂದು ಆಂಪ್ಯೂಲ್, ನಾಲ್ಕು ಗಂಟೆಯಲ್ಲಿ ಮುಗಿಯಬೇಕು ಅಂದರೆ ಮಾಮೂಲಿ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ಎಣಿಸಿ ಇಟ್ಟು ಬಂದರೂ ಮತ್ತೆ ಹೋಗಿ ನೋಡಬೇಕು. ಮೊನ್ನೆ ಹೋದಾಗ ಹನಿ ಅಲ್ಲ, ಧಾರೆಯೇ ಬೀಳುತ್ತಿತ್ತು. ಹನಿಯ ವೇಗ ಹೆಚ್ಚು ಕಡಿಮೆ ಮಾಡುವ ಚಕ್ರ ತಿರುಗಿಸಿದ್ದು ರೋಗಿಯ ಮಗಳು. 'ಬೇಗ ಮುಗಿದ್ರೆ ಅಮ್ಮ ಊಟ ಮಾಡ್ತಾರಲ್ಲ ಸಿಸ್ಟರ್' ಅಂದಳು. ತಪ್ಪು ಅವಳದಲ್ಲ. ಅದನ್ನು ಮುಟ್ಟಬೇಡಿ ಅಂತ ಅವಳಿಗೆ ನಾವ್ಯಾರೂ ಹೇಳಿರಲೇ ಇಲ್ಲ.