ಗುರ್ ಅಂದ ನಾಯಿಯ ಕಿವಿ ಎತ್ತಿ ನೋಡಿದ್ದೀರಾ?

ಕಳೆದ ಮಳೆಗಾಲದಲ್ಲಿ ಆಲ್ದೂರು ಕಡೆಯ ತೋಟದ ಮನೆಯಿಂದ ಒಂದು ಲ್ಯಾಬ್ರಡಾರ್ ಬಂತು. ಏಳು ವರ್ಷದ ಗಂಡು. "ಡಾಕ್ಟ್ರೇ, ಇದಕ್ಕೆ ತಲೆ ಕೆಟ್ಟಿದೆ. ಮೊಮ್ಮಗಳ ಕೈಗೇ ಬಾಯಿ ಹಾಕೋಕೆ ಬಂತು. ಯಾರಿಗಾದ್ರೂ ಕೊಟ್ಟುಬಿಡ್ತೀವಿ" ಎಂದರು ಯಜಮಾನರು. ಪುಣ್ಯಕ್ಕೆ ಹಲ್ಲು ತಾಗಿರಲಿಲ್ಲ. ಆಗ ಮಗು ಏನು ಮಾಡ್ತಿತ್ತು ಅಂತ ಕೇಳಿದೆ. ದಿನದ ಹಾಗೆ ತಲೆ ಸವರ್ತಿತ್ತಂತೆ, ಅಷ್ಟೇ.

ಕಿವಿ ಎತ್ತಿದರೆ ಗಬ್ಬು ವಾಸನೆ. ಒಳಗೆಲ್ಲ ಕೆಂಪಗೆ ಊದಿಕೊಂಡು ಕಂದು ಗುಗ್ಗೆ ತುಂಬಿತ್ತು. ಜೋಲು ಕಿವಿಯ ನಾಯಿಗಳಿಗೆ ನಮ್ಮ ಮಲೆನಾಡಿನ ಮಳೆ ದೊಡ್ಡ ಶತ್ರು. ಕಿವಿಯೊಳಗೆ ಗಾಳಿಯಾಡುವುದಿಲ್ಲ, ತೇವ ಆರುವುದಿಲ್ಲ, ಸೋಂಕು ಬೇಗ ಹತ್ತುತ್ತದೆ. ಆ ಕಿವಿಯನ್ನು ಮುಟ್ಟಿದರೆ ಜೀವ ಹೋಗುವಷ್ಟು ನೋವು. ಬಾಯಿ ಇಲ್ಲದ ಪ್ರಾಣಿ ಅದನ್ನು ಹೇಗೆ ಹೇಳಬೇಕು?

ಚೆನ್ನಾಗಿದ್ದ ನಾಯಿ ದಿಢೀರನೆ ಬದಲಾದರೆ ನಾನು ಮೊದಲು ನೋಡುವುದು ಮೈಯನ್ನೇ. ಹಲ್ಲು, ಕಿವಿ, ಕೀಲು, ಬೆನ್ನು, ಕಾಲ್ಬೆರಳ ಸಂದಿನ ಉಣ್ಣೆಹುಳ. ವಯಸ್ಸಾದ ನಾಯಿ ಜುಲೈ ಚಳಿಯಲ್ಲಿ ಮೆಟ್ಟಿಲು ಹತ್ತಲು ಹಿಂಜರಿದರೆ ಅದು ಸೋಮಾರಿತನ ಅಲ್ಲ, ಹೆಚ್ಚಾಗಿ ಸಂಧಿವಾತ. ಕಣ್ಣು ಮಂಜಾದ, ಕಿವಿ ಕೇಳದ ನಾಯಿಯನ್ನು ಮಲಗಿದ್ದಾಗ ಮುಟ್ಟಿದರೆ ಬೆಚ್ಚಿಬಿದ್ದು ಬಾಯಿ ಹಾಕುತ್ತದೆ. ಥೈರಾಯ್ಡ್ ಕಡಿಮೆಯಾದಾಗಲೂ ಕೆಲವು ನಾಯಿಗಳ ಸ್ವಭಾವ ಬದಲಾಗುತ್ತದೆ. ಅದಕ್ಕೆ ರಕ್ತಪರೀಕ್ಷೆ ಬೇಕು.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಸ್ವಭಾವ ಬದಲಾಗುವುದರ ಜೊತೆಗೆ ಜೊಲ್ಲು ಸುರಿಯುವುದು, ದವಡೆ ಜೋಲುವುದು, ಬೊಗಳುವ ದನಿಯೇ ಬೇರೆಯಾಗುವುದು ಕಂಡರೆ ರೇಬಿಸ್ ಇರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಲೇಬೇಡಿ. ಯಾವುದೇ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ.

ಮೈಯಲ್ಲಿ ಏನೂ ಸಿಗದಿದ್ದರೆ ಆಮೇಲೆ ಬದುಕಿನ ಬಗ್ಗೆ ಕೇಳುತ್ತೇನೆ. ನಮ್ಮ ಕಡೆ ತುಂಬಾ ನಾಯಿಗಳು ಹಗಲೆಲ್ಲ ಸರಪಳಿಯಲ್ಲೇ ಇರುತ್ತವೆ. ಹೆದರಿದ ನಾಯಿಗೆ ಮುಖ್ಯವಾಗಿ ಇರುವುದು ಎರಡು ದಾರಿ, ಓಡುವುದು ಇಲ್ಲ ಎದುರು ನಿಲ್ಲುವುದು. ಸರಪಳಿ ಹಾಕಿದ ಕೂಡಲೇ ಮೊದಲನೇ ದಾರಿ ಮುಚ್ಚಿತು, ಅಲ್ವಾ? ಇನ್ನು ರಾತ್ರಿ ಅಂಗಳಕ್ಕೆ ಇಳಿಯಲ್ಲ ಅಂತ ಹಟ ಮಾಡುವ ತೋಟದ ನಾಯಿಗೆ ಬೈಯುವ ಮುಂಚೆ, ಆಸುಪಾಸಿನಲ್ಲಿ ಚಿರತೆ ಓಡಾಡಿದೆಯಾ ವಿಚಾರಿಸಿ. ನಮ್ಮ ಮೂಗಿಗೆ ಸಿಗದ ವಾಸನೆ ಅದಕ್ಕೆ ಸಿಕ್ಕಿರುತ್ತದೆ.

ಮರಿ ಹೊರಗಿನ ಪ್ರಪಂಚಕ್ಕೆ ಒಗ್ಗಿಕೊಳ್ಳುವುದು ಹೆಚ್ಚಾಗಿ 3ರಿಂದ 14 ವಾರದೊಳಗೆ. ಆಗ ಬರೀ ಮನೆಮಂದಿಯನ್ನೇ ನೋಡಿ ಬೆಳೆದ ಮರಿಗೆ ಆಮೇಲೆ ಗ್ಯಾಸ್ ತರುವವರೂ ಶತ್ರುಗಳೇ.

ಗುರ್ ಅಂದಿದ್ದಕ್ಕೆ ಹೊಡೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಗುರ್ ಅನ್ನುವುದು 'ಸಾಕು, ಬಿಡು' ಅಂತ ಕೊಡುವ ಎಚ್ಚರಿಕೆ. ಏಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ. ಮುಂದಿನ ಸಲ ಸುಮ್ನೆ ಇದ್ದು ನೇರವಾಗಿ ಕಚ್ಚುತ್ತದೆ.

ಆಲ್ದೂರಿನ ಆ ನಾಯಿಗೆ ಮಂಪರು ಬರಿಸಿ ಕಿವಿ ಶುಚಿ ಮಾಡಿದೆವು. ಮೂರು ವಾರ ಔಷಧಿ ಹಾಕಿದರು. ಕೊನೆಯ ಸಲ ಬಂದಾಗ ಮೊಮ್ಮಗಳೂ ಜೊತೆಯಲ್ಲಿದ್ದಳು. ಕಿವಿ ಮುಟ್ಟಲಿಲ್ಲ, ಬೆನ್ನು ಸವರುತ್ತಾ ನಿಂತಿದ್ದಳು. ಬಾಲ ಅಲ್ಲಾಡುತ್ತಲೇ ಇತ್ತು.