ವಾಕರ್ ಕೈಗೆಟುಕುವಷ್ಟು ಹತ್ತಿರ ಇರಲಿ

ಹಿರಿಯರ ವಸತಿ ಸಮುಚ್ಚಯಗಳ ಊಟದ ಹಾಲ್‌ನಲ್ಲಿ ದಿನಕ್ಕೆ ಮೂರು ಹೊತ್ತು ನಡೆಯುವ ಕೆಲಸವೊಂದಿದೆ. ವಾಕರ್ ಹಿಡಿದು ಬಂದವರು ಕುರ್ಚಿಯಲ್ಲಿ ಕೂತ ಕೂಡಲೇ ಸಿಬ್ಬಂದಿಯೊಬ್ಬರು ಅದನ್ನು ಮಡಚಿ ಗೋಡೆಯ ಮೂಲೆಗೆ ಒಯ್ದಿಡುತ್ತಾರೆ. ದಾರಿಗೆ ಅಡ್ಡ ಆಗಬಾರದಲ್ಲ! ಊಟ ಮುಗಿದು ಕೈ ತೊಳೆಯಲು ಏಳಬೇಕೆಂದರೆ ಯಾರನ್ನಾದರೂ ಕೂಗಬೇಕು, ಎಂಜಲು ಕೈಯಲ್ಲಿ ಕಾಯಬೇಕು. ನಾಲ್ಕು ದಿನ ಹೀಗೆ ಕಾದವರು ಐದನೆಯ ದಿನ ‘ಊಟ ರೂಮಿಗೇ ಕಳಿಸಿಬಿಡಿ’ ಅನ್ನುತ್ತಾರೆ. ತಿಂಗಳ ಕೊನೆಯಲ್ಲಿ ಅವರ ಕಡತದಲ್ಲಿ ‘ಜನರ ಜೊತೆ ಬೆರೆಯುವುದಿಲ್ಲ’ ಎಂಬ ಷರಾ ಬೀಳುತ್ತದೆ.

ವಯೋತಾರತಮ್ಯ ಎಂದರೆ ಇದೇ. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ ಇದಕ್ಕೆ ‘ಏಜಿಸಂ’ ಎಂಬ ಹೆಸರಿಟ್ಟರು. ಬೈಗುಳ, ಹೊಡೆತಗಳು ಕಣ್ಣಿಗೆ ಬೀಳುತ್ತವೆ, ದೂರೂ ದಾಖಲಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸದಲ್ಲಿ ಅಡಗಿರುವ ತಾರತಮ್ಯ ಹಾಗಲ್ಲ. ಅದನ್ನು ಹಿಡಿಯುವುದೇ ಕಷ್ಟ.

ಊಟದ ಹಾಲ್ ಸರಿಪಡಿಸಲು ತರಬೇತಿ ಶಿಬಿರ ಬೇಡ, ಅಳತೆ ಟೇಪು ಸಾಕು. ಜನ ಕುರ್ಚಿಯಲ್ಲಿ ಕೂತಿರುವಾಗ ಮೇಜುಗಳ ನಡುವಿನ ದಾರಿ ಅಳೆಯಿರಿ. ಖಾಲಿ ಹಾಲ್ ಅಳೆದು ‘ಜಾಗ ಬೇಕಾದಷ್ಟಿದೆ’ ಅನ್ನುವುದು ಎಲ್ಲೆಡೆ ಆಗುವ ತಪ್ಪು. ಕನಿಷ್ಠ 90 ಸೆಂ.ಮೀ. ಬೇಕು, 120 ಇದ್ದರೆ ಎದುರು ಬಂದವರೂ ದಾಟಬಹುದು. ಗಾಲಿಕುರ್ಚಿ ಪೂರ್ತಿ ತಿರುಗಲು 150 ಸೆಂ.ಮೀ. ಅಗಲದ ಜಾಗ ಬೇಕು. ನಾಲ್ಕು ಮೂಲೆಗೂ ಕಾಲಿರುವ ಸಣ್ಣ ಮೇಜಿನ ಕೆಳಗೆ ಗಾಲಿಕುರ್ಚಿ ತೂರುವುದಿಲ್ಲ. ನಡುವೆ ಒಂದೇ ಕಂಬವಿರುವ ಮೇಜು ಇಡಿ. ಏಳುವಾಗ ಎಲ್ಲರೂ ಮೇಜಿಗೇ ಕೈಯೂರುವುದರಿಂದ ಅದರ ಬುಡ ಭಾರವಿರಲಿ. ಇಂಥ ಮೇಜುಗಳನ್ನೆಲ್ಲ ಬಾಗಿಲ ಪಕ್ಕ ಒಟ್ಟಿಗೆ ಹಾಕಿದರೆ ಅದು ‘ಆಗದವರ ಸಾಲು’ ಆಗಿಬಿಡುತ್ತದೆ. ಹಾಲ್‌ನ ಎಲ್ಲ ಕಡೆ ಹಂಚಿ. ವಾಕರ್ ಮಾತ್ರ ಕುರ್ಚಿಯ ಪಕ್ಕದಲ್ಲೇ, ಕೂತವರ ಕೈಗೆ ಸಿಗುವಂತೆ ಇರಬೇಕು.

ಇಲ್ಲಿ ಕಹಿಯಾದ ಮಾತೊಂದನ್ನು ಹೇಳಲೇಬೇಕು. ವಾಕರ್ ಕಣ್ಣಿಗೆ ಬೀಳಬಾರದು ಎಂದು ಒತ್ತಾಯಿಸುವವರು ಬಹಳ ಸಲ ಸಿಬ್ಬಂದಿಯಲ್ಲ, ಗಟ್ಟಿಮುಟ್ಟಾಗಿರುವ ಇತರ ನಿವಾಸಿಗಳೇ. ‘ಇದು ಆಸ್ಪತ್ರೆ ಥರ ಕಾಣ್ತಿದೆ’, ‘ಅವರಿಗೆ ಬೇರೆ ಟೈಮಲ್ಲಿ ಊಟ ಕೊಡಿ’ ಎಂಬ ಬೇಡಿಕೆ ನಿವಾಸಿಗಳ ಸಮಿತಿಯಿಂದಲೇ ಬರುತ್ತದೆ. ಅದರ ಹಿಂದಿರುವುದು ದ್ವೇಷವಲ್ಲ, ಭಯ. ಎಪ್ಪತ್ತರವರು ಎದುರು ಮೇಜಿನ ಎಂಬತ್ತೈದರವರಲ್ಲಿ ತಮ್ಮ ನಾಳೆಯನ್ನು ಕಾಣುತ್ತಾರೆ. ‘ಅರವತ್ತಕ್ಕೆ ಅರಳು ಮರಳು’, ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎಂಬ ಮಾತುಗಳನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು; ವಯಸ್ಸಾದ ಮೇಲೆ ಅವನ್ನೇ ನಮ್ಮ ಮೇಲೆ ಹೇಳಿಕೊಳ್ಳುತ್ತೇವೆ. ಇದು ಬರೀ ಮಾತಾಗಿ ಉಳಿಯುವುದಿಲ್ಲ. ಅಮೆರಿಕದ ಒಹಾಯೊ ರಾಜ್ಯದಲ್ಲಿ 50 ದಾಟಿದವರನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಗಮನಿಸಿದ ದತ್ತಾಂಶವನ್ನು ಸಂಶೋಧಕಿ ಬೆಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ವಿಶ್ಲೇಷಿಸಿದರು. ತಮ್ಮ ವೃದ್ಧಾಪ್ಯದ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು.

ಆದ್ದರಿಂದ ಸಮಿತಿಯಲ್ಲಿ ಒಂದೆರಡು ಸ್ಥಾನಗಳನ್ನು ನೆರವು ಪಡೆದು ಬದುಕುವವರಿಗೆ ಮೀಸಲಿಡಿ. ಸಭೆ ಬೆಳಗ್ಗೆ ಹನ್ನೊಂದರ ಸುಮಾರಿಗೆ, ಲಿಫ್ಟ್ ಇರುವ ಕಡೆ, ಮೈಕ್ ಇಟ್ಟು ನಡೆಯಲಿ. ರಾತ್ರಿ ಏಳಕ್ಕೆ ಟೆರೇಸಿನಲ್ಲಿ ಸಭೆ ಕರೆದು ‘ಅವರು ಬರೋದೇ ಇಲ್ಲ’ ಅಂದರೆ ಹೇಗೆ?

ಇನ್ನು ಮಾತಿನ ವಿಷಯ. ನಮ್ಮ ಮನೆಗಳಲ್ಲಿ ಅಮ್ಮನನ್ನೂ ಅಜ್ಜಿಯನ್ನೂ ಏಕವಚನದಲ್ಲಿ ಕರೆಯುವುದು ಸಲಿಗೆ, ಪ್ರೀತಿ. ಕೆಲಸಕ್ಕೆ ಸೇರಿದ ಹುಡುಗಿ ಅದೇ ಪ್ರೀತಿಯಿಂದ ‘ಏನಜ್ಜಿ, ಮಾತ್ರೆ ತಗೊಂಡ್ಯಾ? ಜಾಣೆ!’ ಅನ್ನುತ್ತಾಳೆ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಡಂಗೆ ಅದು ಒಂದನೇ ಕ್ಲಾಸಿಗೆ ಹಿಂಬಡ್ತಿ. ಹುಡುಗಿಯನ್ನು ಗದರುವುದು ಪರಿಹಾರವಲ್ಲ. ಸೇರ್ಪಡೆ ಅರ್ಜಿಯಲ್ಲಿ ‘ನಿಮ್ಮನ್ನು ಏನಂತ ಕರೆಯಬೇಕು?’ ಎಂಬ ಸಾಲೊಂದು ಇರಲಿ. ಉತ್ತರ ಮೇಡಂ, ಅಮ್ಮ, ಅಜ್ಜಿ ಏನೇ ಆಗಲಿ, ಪಾಳಿ ಬದಲಾಗುವಾಗ ಮಾತ್ರೆಯ ಪಟ್ಟಿಯ ಜೊತೆ ಅದೂ ಕೈಬದಲಾಗಲಿ.

ಕೀರಲು ದನಿಯಲ್ಲಿ, ಕೂಗಿ, ಪದ ಎಳೆದೆಳೆದು ಮಾತಾಡುವುದರಿಂದ ಕಿವಿ ಮಂದವಾದವರಿಗೆ ನಷ್ಟವೇ. ವಯಸ್ಸಿನೊಂದಿಗೆ ಮೊದಲು ಕುಗ್ಗುವುದು ಮೇಲುಸ್ಥಾಯಿಯ ಶಬ್ದ ಕೇಳುವ ಶಕ್ತಿ. ಸ್ವರಗಳು ಕೇಳುತ್ತವೆ, ಸ, ಶ, ತ, ಕ ತಪ್ಪಿಹೋಗುತ್ತವೆ. ದನಿ ಕೀರಲಾದಷ್ಟೂ ಮಾತು ಕಲಸುತ್ತದೆ, ಕೂಗಿದರೆ ಕಿವಿ ನೋಯುತ್ತದೆ. ಟಿ.ವಿ. ಆರಿಸಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಎದುರು ಕೂತು, ತಗ್ಗಿದ ದನಿಯಲ್ಲಿ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಉತ್ತರಕ್ಕೆ ಐದಾರು ಸೆಕೆಂಡ್ ಕಾಯಿರಿ. ಅಷ್ಟಾದರೂ ಕೇಳದಿದ್ದರೆ ಶ್ರವಣಯಂತ್ರದ ಬ್ಯಾಟರಿ, ಕಿವಿಯ ಗುಗ್ಗೆ ನೋಡಿ.

ಹಿರಿಯರು ಎದುರಿಗೇ ಕೂತಿರುವಾಗ ಮಗನಿಗೆ ಫೋನ್ ಮಾಡಿ ‘ಸಾರ್, ನಿಮ್ಮ ತಂದೆಯವರನ್ನ ಪ್ರವಾಸಕ್ಕೆ ಕಳಿಸಬಹುದಾ?’ ಎಂದು ಕೇಳುವುದು ಇನ್ನೊಂದು ರೂಢಿ. ಮಗ ಬಿಲ್ ಕಟ್ಟುತ್ತಿರಬಹುದು. ಅದರಿಂದ ತಂದೆ ಅಪ್ರಾಪ್ತರಾಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಚಿಕಿತ್ಸೆಯ ವಿಷಯದಲ್ಲೂ ವಯಸ್ಸಾಗಿದೆಯೇ ಎಂದು ನೋಡುವುದಿಲ್ಲ. ಮಾಹಿತಿ ಅರ್ಥವಾಗುತ್ತದೆಯೇ, ಪರಿಣಾಮ ಅರಿವಾಗುತ್ತದೆಯೇ, ತೀರ್ಮಾನವನ್ನು ಮಾತು ಅಥವಾ ಸನ್ನೆಯಿಂದ ತಿಳಿಸಬಲ್ಲರೇ ಎಂಬುದನ್ನಷ್ಟೇ ಕೇಳುತ್ತದೆ. ಒಬ್ಬರ ತೀರ್ಮಾನ ಇತರರಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ಅವರಿಗೆ ಸಾಮರ್ಥ್ಯವಿಲ್ಲ ಎನ್ನಲಾಗದು ಎಂದೂ ಅದರ 4ನೇ ಸೆಕ್ಷನ್ ಹೇಳುತ್ತದೆ. ಪ್ರವಾಸಕ್ಕೆ, ಕಾಫಿಯ ಸಕ್ಕರೆಗೆ ಅದಕ್ಕಿಂತ ಕಠಿಣ ಪರೀಕ್ಷೆ ಏಕೆ? ಮಕ್ಕಳಿಗೆ ಏನೇನು ತಿಳಿಸಬೇಕು, ಏನು ಬೇಡ ಎಂದು ನಿವಾಸಿಯೇ ಸಹಿ ಮಾಡಿದ ಒಂದು ಹಾಳೆ ಇಟ್ಟುಕೊಳ್ಳಿ, ಆರು ತಿಂಗಳಿಗೊಮ್ಮೆ ಮತ್ತೆ ಕೇಳಿ.

ಅತಿ ಅಪಾಯಕಾರಿ ವಾಕ್ಯವೆಂದರೆ ‘ವಯಸ್ಸಾಯ್ತಲ್ಲ’. ಎರಡು ಮೂರು ದಿನದಲ್ಲಿ ಬಂದ ಬದಲಾವಣೆಗೆ ವಯಸ್ಸು ಕಾರಣವಾಗಲು ಸಾಧ್ಯವೇ ಇಲ್ಲ. ಬುಧವಾರ ಪತ್ರಿಕೆ ಓದುತ್ತಿದ್ದವರು ಶನಿವಾರ ಮಗಳ ಹೆಸರು ತಪ್ಪಿದರೆ, ಹಗಲೆಲ್ಲ ಮಂಪರಿನಲ್ಲಿದ್ದರೆ ಅದು ಡೆಲಿರಿಯಂ (ದಿಢೀರನೆ ಬರುವ ಮನಸ್ಸಿನ ಗೊಂದಲ) ಇರಬಹುದು, ಅಂದರೆ ತುರ್ತು. ಅಂದೇ ವೈದ್ಯರಿಗೆ ತೋರಿಸಿ. ಕಳೆದ ಹದಿನೈದು ದಿನದಲ್ಲಿ ಶುರುವಾದ ಹೊಸ ಮಾತ್ರೆಗಳ ಪಟ್ಟಿ ಒಯ್ಯಿರಿ; ನಿದ್ದೆಯ, ಅಲರ್ಜಿಯ, ಪದೇ ಪದೇ ಮೂತ್ರ ಬರುವುದನ್ನು ತಡೆಯುವ ಮಾತ್ರೆಗಳ ಮೇಲೆ ಮೊದಲು ಕಣ್ಣಿರಲಿ. ರಕ್ತದ ಸಕ್ಕರೆ, ಸೋಡಿಯಂ, ಸೋಂಕು, ಮಲಬದ್ಧತೆ, ಮೂತ್ರ ಕಟ್ಟಿರುವುದು, ನೋವು ಇವನ್ನೆಲ್ಲ ನೋಡಬೇಕು. ಬಿ.ಪಿ.ಗೆ ಕೊಡುವ ಥಯಜೈಡ್ ಮಾತ್ರೆಗಳಿಂದ ಸೋಡಿಯಂ ಇಳಿಯುವುದು ಅಪರೂಪವಲ್ಲ. ನಿಧಾನವಾಗಿ ಬಂದ ಮರೆವಿಗೂ ಥೈರಾಯ್ಡ್, ಬಿ12, ಖಿನ್ನತೆ ಪರೀಕ್ಷಿಸಿದ ಮೇಲೆಯೇ ಮುಂದಿನ ಮಾತು. ಸಸ್ಯಾಹಾರಿಗಳಲ್ಲಿ, ಬಹುಕಾಲ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿರುವವರಲ್ಲಿ ಬಿ12 ಕೊರತೆ ಸಾಮಾನ್ಯ.

ಎಂಟೂವರೆಯೊಳಗೆ ಹನ್ನೆರಡು ಜನರನ್ನು ತಿಂಡಿಗೆ ಕರೆತರಬೇಕಾದ ಅಟೆಂಡರ್, ನಡೆಯಬಲ್ಲವರನ್ನೂ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರುತ್ತಾರೆ. ಕೆಲವೇ ವಾರಗಳಲ್ಲಿ ತೊಡೆಯ ಸ್ನಾಯು ಸೋಲುತ್ತದೆ, ಆಮೇಲೆ ನಿಜಕ್ಕೂ ನಡೆಯಲಾಗುವುದಿಲ್ಲ. ಆದರೆ ಕಳೆದ ಬಲ ಮರಳುವುದುಂಟು: 1990ರಲ್ಲಿ ಬಾಸ್ಟನ್ನಿನ ಶುಶ್ರೂಷಾಲಯವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರ ಎತ್ತುವ ತರಬೇತಿ ಕೊಟ್ಟಾಗ ಕಾಲಿನ ಬಲ ಸರಾಸರಿ 174% ಹೆಚ್ಚಿತ್ತು. ತಿಂಡಿಯ ಸಮಯ ಏಳೂವರೆಯಿಂದ ಒಂಬತ್ತೂವರೆವರೆಗೆ ಹರಡಿ. ಕುರ್ಚಿಗಳಿಗೆ ಕೈಯಿರಲಿ, ಆಸನ ನೆಲದಿಂದ 45–48 ಸೆಂ.ಮೀ. ಇರಲಿ. ಕಾರಿಡಾರಿನಲ್ಲಿ ಹತ್ತು ಮೀಟರಿಗೊಂದು ಕುರ್ಚಿ ಹಾಕಿದರೆ ಕೂತು, ಎದ್ದು, ತಾವಾಗಿಯೇ ಬರುವವರು ಹೆಚ್ಚುತ್ತಾರೆ.

ಇಂಥ ಸಮುಚ್ಚಯದಲ್ಲಿ ಮನೆ ಕೊಳ್ಳಲು ಹೊರಟವರು ಕರಾರಿನಲ್ಲಿ ಹುಡುಕಬೇಕಾದದ್ದು ಒಂದು ಷರತ್ತು: ‘ಸ್ವತಂತ್ರವಾಗಿ ಬದುಕಲು ಆಗದಿದ್ದಲ್ಲಿ ನಿವಾಸಿಯನ್ನು ಸ್ಥಳಾಂತರಿಸಬಹುದು’ ಎಂಬಂಥ ಸಾಲು. ಆಗದು ಎಂದು ತೀರ್ಮಾನಿಸುವವರು ಯಾರು? ವ್ಯವಸ್ಥಾಪಕರ ಅಭಿಪ್ರಾಯವೇ ಸಾಕೇ, ಹೊರಗಿನ ವೈದ್ಯರ ಲಿಖಿತ ವರದಿ ಬೇಕೇ? ಸ್ವಂತ ಖರ್ಚಿನಲ್ಲಿ ಸಹಾಯಕರನ್ನು ಇಟ್ಟುಕೊಂಡು ಅದೇ ಮನೆಯಲ್ಲಿ ಇರಬಹುದೇ? ಆಕ್ಷೇಪ ಸಲ್ಲಿಸಲು ಎಷ್ಟು ದಿನ? ಉತ್ತರಗಳು ಮಾತಿನಲ್ಲಿ ಬೇಡ, ಸಹಿ ಹಾಕುವ ಮುಂಚೆ ಕರಾರಿನೊಳಗೇ ಬರೆಸಿಕೊಳ್ಳಿ. ಈಗಾಗಲೇ ಅಲ್ಲಿ ವಾಸವಾಗಿದ್ದು ತೊಂದರೆಯಲ್ಲಿರುವವರು ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.